ಹಸಿ ಹಲಸಿನ ಬಟ್ಟಲು: ಎರಡು ಸಲ ಕಡೆಯುವ ಕ್ರಮ

ಹಸಿ ಮರವನ್ನು ಲೇತಿನಲ್ಲಿ (ಮರವನ್ನು ತಿರುಗಿಸಿ ಉಳಿಯಿಂದ ಕೆತ್ತುವ ಯಂತ್ರ) ಮೊದಲು ದಪ್ಪಗೆ ಕಡೆದು, ಒಣಗಿಸಿ, ಮತ್ತೆ ಕಡೆದು ಮುಗಿಸುವುದು ಈ ಕ್ರಮ. ಹಲಸಿನ ಮರ ಉರುಳಿದ ದಿನವೇ ದಿಮ್ಮಿಯ ಎರಡೂ ತುದಿಗೆ ಕರಗಿಸಿದ ಮೇಣ ಬಳಿಯುತ್ತೇನೆ. ನೀರು ನಾರಿನ ಕೊನೆಗಳಿಂದಲೇ ಬೇಗ ಆರುವುದು; ತುದಿ ಮೊದಲು ಒಣಗಿದರೆ ಸೀಳು ಅಲ್ಲಿಂದಲೇ ಶುರು.

ನಟ್ಟನಡುವಿನ ಮೆದು ತಿರುಳನ್ನು ಬಟ್ಟಲಿನಲ್ಲಿ ಉಳಿಸಲೇಬಾರದು. ಮರ ಉಂಗುರದ ಗುಂಟ ಕುಗ್ಗುವುದು ನಡುವಿನಿಂದ ತೊಗಟೆಯತ್ತ ಕುಗ್ಗುವುದರ ಸುಮಾರು ಎರಡರಷ್ಟು. ತಿರುಳು ಒಳಗಿದ್ದರೆ ಆ ಎಳೆತಕ್ಕೆ ಬಿರಿಯದೆ ಬೇರೆ ದಾರಿಯಿಲ್ಲ. ದಿಮ್ಮಿಯನ್ನು ಉದ್ದಕ್ಕೆ ಸೀಳಿ, ತಿರುಳಿನ ಎರಡೂ ಕಡೆ ಅರ್ಧ ಇಂಚು ತೆಗೆದುಬಿಡಿ.

ಮೊದಲ ಸಲ ಕಡೆಯುವಾಗ ಗೋಡೆಯ ದಪ್ಪ ಅಗಲದ ಹತ್ತನೇ ಒಂದು ಪಾಲು: 10 ಇಂಚಿನ ಬಟ್ಟಲಿಗೆ 1 ಇಂಚು. ತಳವೂ ಅಷ್ಟೇ ಇರಬೇಕು. ಅಂಚು ತೆಳು, ತಳ ದಪ್ಪ ಆದರೆ ಅಂಚು ಒಣಗಿ ಬಿಗಿಯುತ್ತದೆ, ತಳ ಬಿಡುವುದಿಲ್ಲ. ನಾನು ಕಂಡ ಬಿರುಕುಗಳಲ್ಲಿ ಹೆಚ್ಚಿನವು ಇದರಿಂದಲೇ. ಚಕ್ (ಲೇತಿನಲ್ಲಿ ಮರವನ್ನು ಕಚ್ಚಿ ಹಿಡಿಯುವ ಭಾಗ) ಹಿಡಿಯುವ ಗುಬ್ಬಿಯನ್ನು, ಅಂದರೆ ತಳದಲ್ಲಿ ಉಬ್ಬಿ ನಿಂತ ದುಂಡು ತುಂಡನ್ನು, ಸ್ವಲ್ಪ ದೊಡ್ಡದಾಗಿ ಬಿಡಿ, ಒಣಗಿದಾಗ ಅದೂ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕೆಲಸ ಮುಗಿದ ಕೂಡಲೇ ಲೇತಿನ ಹಾಸಿಗೆಯನ್ನು, ಅಂದರೆ ಕೆಳಗಿನ ಕಬ್ಬಿಣದ ಹಳಿಯನ್ನು, ಒರೆಸಿ ಎಣ್ಣೆ ಸವರಿ, ಹಸಿ ಮರದ ನೀರಿಗೆ ರಾತ್ರಿಯೊಳಗೆ ತುಕ್ಕು ಬರುತ್ತದೆ.

ಆಮೇಲೆ ತಳದ ಮೇಲೆ ಪೆನ್ಸಿಲಿನಲ್ಲಿ ತಾರೀಖು, ತೂಕ ಬರೆದು, ಕಾಗದದ ಚೀಲದಲ್ಲಿ ಹಾಕಿ, ಫ್ಯಾನ್ ಗಾಳಿ ತಾಗದ ಮೂಲೆಯಲ್ಲಿಡುತ್ತೇನೆ. ಬೂಷ್ಟು ಕಂಡರೆ ಒರೆಸಿ ಚೀಲ ಬದಲಿಸುವುದು. ಪ್ಲಾಸ್ಟಿಕ್ ಚೀಲ ಬೇಡ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿತೆಂದು ಲೆಕ್ಕ. ಆದರೆ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಈ ಲೆಕ್ಕ ನಂಬಬೇಡಿ. ಆಗ ತೂಕ ನಿಂತರೆ ಮರ ಒದ್ದೆ ಗಾಳಿಗೆ ಸಮವಾಯಿತು ಎಂದಷ್ಟೇ ಅರ್ಥ. ಜುಲೈನಲ್ಲಿ ಮುಗಿಸಿದ ಬಟ್ಟಲು ಮಾರ್ಚಿನ ಬಿಸಿಲಿಗೆ ಮತ್ತೆ ಸೊಟ್ಟಗಾಗುತ್ತದೆ. ಬೇಸಿಗೆಯವರೆಗೆ ಕಾಯುವುದೇ ಸರಿ.

ಎರಡನೇ ಸಲ ಮೊದಲು ಗುಬ್ಬಿಯನ್ನು ದುಂಡಗೆ ಮಾಡಿ, ನಂತರ ಹೊರಮೈ, ಕೊನೆಗೆ ಒಳಮೈ. ಗೋಡೆ ಕಾಲಿಂಚಿಗೆ ಇಳಿಸಿ, 120ರಿಂದ 320ನೇ ನಂಬರಿನವರೆಗೆ (ನಂಬರು ಹೆಚ್ಚಿದಷ್ಟೂ ನಯ) ಮರಳು ಕಾಗದ ಆಡಿಸಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ. ಅದು ಒಣಗಿ ಗಟ್ಟಿಯಾಗುವುದಿಲ್ಲ, ಕಮಟುತ್ತದೆ. ಅಡುಗೆಯ ಅಗಸೆ ಎಣ್ಣೆ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೊಂದು ಕೈ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ.