ಹಾಲು-ನೀರಿನಲ್ಲಿ ಬೆಳಕಿನ ಲೆಕ್ಕ: ಹೀರಿದ್ದೆಷ್ಟು, ಚದುರಿದ್ದೆಷ್ಟು?

ನಾನು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಕೊನೆಯ ವರ್ಷದವರು ಪ್ರಾಜೆಕ್ಟ್ ಕೇಳಿಕೊಂಡು ಬಂದರೆ ಮೊದಲು ಹೇಳುವುದು ಹಾಲು-ನೀರಿನಲ್ಲಿ ಬೆಳಕು ಅಳೆಯುವ ಈ ಪ್ರಯೋಗವನ್ನೇ. ತಿಳಿಯಾದ ದ್ರವದಲ್ಲಿ ಬೆಳಕಿನ ಲೆಕ್ಕ ಸುಲಭ. ಈ ಕಡೆಯಿಂದ ಎಷ್ಟು ಹೋಯಿತು, ಆ ಕಡೆ ಎಷ್ಟು ಬಂತು ಅಂತ ನೋಡಿದರೆ ಮುಗಿಯಿತು. ಹಾಲಿನಲ್ಲಿ ಹಾಗಾಗುವುದಿಲ್ಲ. ಕಡಿಮೆಯಾದ ಬೆಳಕನ್ನು ದ್ರವ ಹೀರಿಕೊಂಡಿತೋ, ಅಥವಾ ಅದು ಕೊಬ್ಬಿನ ಹನಿಗೆ, ಕೇಸೀನ್ ಎಂಬ ಹಾಲಿನ ಪ್ರೋಟೀನ್ ಕಣಕ್ಕೆ ಬಡಿದು ಬೇರೆ ಕಡೆ ಚದುರಿತೋ? ಒಂದೇ ರೀಡಿಂಗ್ ಇಟ್ಟುಕೊಂಡು ಇದನ್ನು ಹೇಳಲಾಗುವುದಿಲ್ಲ. ನಮ್ಮ ಚರ್ಮ, ಮಾಂಸದಲ್ಲೂ ಇದೇ ಸಮಸ್ಯೆ. ಹಾಗಾಗಿ ಈ ಪ್ರಯೋಗ ಕಲಿತವರಿಗೆ ದೇಹದೊಳಗೆ ಬೆಳಕು ಬಿಟ್ಟು ಅಳೆಯುವ ಉಪಕರಣಗಳೂ ಅರ್ಥವಾಗುತ್ತವೆ.

ಎರಡನ್ನೂ ಬೇರ್ಪಡಿಸುವ ಉಪಾಯ ಇಷ್ಟೇ. ಎಷ್ಟು ಹೀರುತ್ತದೆ ಎಂದು ಮೊದಲೇ ಗೊತ್ತಿರುವ ಕಪ್ಪು ಇಂಕನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತಾ ಹೋಗುವುದು, ಪ್ರತಿ ಸಲ ಅಳೆಯುವುದು.

ಒಂದು ಲೀಟರ್ ಟೋನ್ಡ್ ಹಾಲಿಗೆ ನಾಲ್ಕು ಲೀಟರ್ ನೀರು ಬೆರೆಸಿ. ನಾನು ನಂದಿನಿಯ ನೀಲಿ ಪ್ಯಾಕೆಟ್ ತರಿಸುತ್ತೇನೆ, ಅದರಲ್ಲಿ ಕೊಬ್ಬು 3 ಪರ್ಸೆಂಟ್. ಕಾಯಿಸಬೇಡಿ, ಕೆನೆ ಕಟ್ಟಿದರೆ ಕೆಲಸ ಕೆಟ್ಟಿತು. ಟಬ್ ಸುಮಾರು 20 ಸೆಂ.ಮೀ. ಅಗಲ ಇರಲಿ. 650 ನ್ಯಾನೋಮೀಟರ್‌ನ ಕೆಂಪು ಲೇಸರ್ ಸಾಕು. ಅದಕ್ಕೆ ಸೆಲ್ ಬದಲು ಅಡಾಪ್ಟರ್ ಕೊಡಿ, ಸೆಲ್ ಇಳಿದಂತೆ ಬೆಳಕೂ ಇಳಿಯುತ್ತದೆ. ಲೇಸರ್ ಕಡೆಗಾಗಲಿ, ಅದರ ಫೈಬರ್ ತುದಿಯ ಕಡೆಗಾಗಲಿ ಕಣ್ಣಿಟ್ಟು ನೋಡಬೇಡಿ. ಬೆಳಕು ಒಳಗೆ ಬಿಡಲು ಒಂದು, ಹಿಡಿದು ತರಲು ಒಂದು, ಹೀಗೆ 1 ಮಿ.ಮೀ. ದಪ್ಪದ ಎರಡು ಪ್ಲಾಸ್ಟಿಕ್ ಫೈಬರ್ ಬೇಕು. ಎರಡನೆಯದರ ತುದಿಗೆ ಬೆಳಕನ್ನು ಕರೆಂಟ್ ಮಾಡುವ ಬಿಪಿಡಬ್ಲ್ಯು 34 ಫೋಟೋಡಯೋಡ್, ಆ ಕರೆಂಟನ್ನು ವೋಲ್ಟೇಜ್ ಮಾಡಲು ಸಿಎ 3140 ಆಪ್-ಆಂಪ್ ಚಿಪ್, ಅದರ ಫೀಡ್‌ಬ್ಯಾಕ್‌ಗೆ 10 ಮೆಗಾಓಮ್ ರೆಸಿಸ್ಟರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಥವೆಲ್ಲ ಸಿಗುತ್ತವೆ. ಒಂದು ನ್ಯಾನೋಆಂಪ್‌ಗೆ 10 ಮಿಲಿವೋಲ್ಟ್ ಬರುತ್ತದೆ, ಮಾಮೂಲಿ ಮಲ್ಟಿಮೀಟರೇ ಸಾಕು.

ಎರಡೂ ಫೈಬರ್‌ಗಳ ತುದಿ ಕೆಳಮುಖವಾಗಿ, ಒಂದೇ ಆಳದಲ್ಲಿ, ಟಬ್‌ನ ನಡುಮಧ್ಯದಲ್ಲಿ ಇರಬೇಕು. ಹಿಡಿಯುವ ಫೈಬರನ್ನು ಟ್ರಾವೆಲಿಂಗ್ ಮೈಕ್ರೋಸ್ಕೋಪ್‌ಗೆ ಕಟ್ಟಿ. ಎಲ್ಲ ಕಾಲೇಜಿನಲ್ಲೂ ಅದು ಇದ್ದೇ ಇರುತ್ತದೆ ಅಲ್ವಾ, ಸ್ಕ್ರೂ ತಿರುಗಿಸಿದರೆ ಎಷ್ಟು ಬೇಕೋ ಅಷ್ಟೇ ಜರುಗುತ್ತದೆ. ಫೈಬರ್‌ಗೆ ಕಪ್ಪು ಹೊದಿಕೆ ಇದ್ದರೆ ಅದೂ ಬೆಳಕು ಹೀರುತ್ತದೆ. ಮುಳುಗುವಷ್ಟು ಭಾಗಕ್ಕೆ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಸುತ್ತಿ.

ಇನ್ನು ಇಂಕ್. ಡ್ರಾಯಿಂಗ್‌ಗೆ ಬಳಸುವ, ಇಂಗಾಲದ ಪುಡಿ ಇರುವ ಇಂಡಿಯನ್ ಇಂಕೇ ಬೇಕು. ಪೆನ್ನಿನ ಇಂಕ್ ಕಣ್ಣಿಗೆ ಕಪ್ಪಾಗಿ ಕಂಡರೂ ಕೆಂಪು ಬೆಳಕನ್ನು ಚೆನ್ನಾಗಿ ಹೀರುತ್ತದೆ ಎಂದು ನಂಬುವಂತಿಲ್ಲ. ಇಂಕಿಗೆ ನೀರು ಸೇರಿಸಿ ಒಂದು ಬಾಟಲಿ ಸ್ಟಾಕ್ ಮಾಡಿಟ್ಟುಕೊಳ್ಳಿ. ಅದರಲ್ಲಿ 1 ಮಿ.ಲೀ. ತೆಗೆದು ನೀರು ಸೇರಿಸಿ 100 ಮಿ.ಲೀ. ಮಾಡಿ, ಬೆಳಕಿನ ಹೀರಿಕೆ ಅಳೆಯುವ ಕೆಮಿಸ್ಟ್ರಿಯವರ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 650 ನ್ಯಾನೋಮೀಟರ್‌ಗೆ ಇಟ್ಟು 1 ಸೆಂ.ಮೀ. ಅಗಲದ ಕ್ಯುವೆಟ್‌ನಲ್ಲಿ (ಪಾರದರ್ಶಕ ಪುಟ್ಟ ಪಾತ್ರೆ) ನೋಡಿ. ಅದು 0.20 ತೋರಿಸಿತು ಅಂತಿಟ್ಟುಕೊಳ್ಳಿ. ಆ ಯಂತ್ರದ್ದು ಹತ್ತರ ಲಾಗ್, ನಮಗೆ ಬೇಕಾದ್ದು ನ್ಯಾಚುರಲ್ ಲಾಗ್. ಆದ್ದರಿಂದ 2.303ರಿಂದ ಗುಣಿಸಲೇಬೇಕು. 0.46 ಬಂತು. ಅಂದರೆ ಸ್ಟಾಕ್‌ನ ಹೀರಿಕೆ ಸೆಂ.ಮೀ.ಗೆ 46. ಐದು ಲೀಟರ್ ಟಬ್‌ಗೆ 5 ಮಿ.ಲೀ. ಹಾಕಿದರೆ 0.046 ಕೂಡುತ್ತದೆ. ಇಂಗಾಲದ ಕಣಗಳೂ ಸ್ವಲ್ಪ ಚದುರಿಸುವುದರಿಂದ ನಿಜವಾದ ಹೀರಿಕೆ ಇದಕ್ಕಿಂತ ತುಸು ಕಡಿಮೆ. ರಿಪೋರ್ಟ್‌ನಲ್ಲಿ ಈ ಮಾತು ಬರೆಯಿರಿ.

ಮೊದಲ 5 ಮಿ.ಲೀ. ಸ್ಟಾಕ್ ಹಾಕಿಯೇ ಅಳತೆ ಶುರು ಮಾಡಿ. ಇಂಕೇ ಇಲ್ಲದಿದ್ದರೆ ಬೆಳಕು ಟಬ್‌ನ ಗೋಡೆ ಮುಟ್ಟುವಷ್ಟು ದೂರ ಹೋಗುತ್ತದೆ, ಲೆಕ್ಕ ಹಾಳಾಗುತ್ತದೆ. ನಿಧಾನಕ್ಕೆ ಕಲಕಿ, ಗುಳ್ಳೆ ಹೋಗುವವರೆಗೆ ಕಾಯಿರಿ. ಗುಳ್ಳೆಯೂ ಚದುರಿಸುತ್ತದೆ! ಟ್ಯೂಬ್‌ಲೈಟ್ ಆರಿಸಿ, ಕಪ್ಪು ಬಟ್ಟೆ ಹೊದಿಸಿ. ಫೈಬರ್‌ಗಳ ನಡುವಿನ ದೂರ 1.5ರಿಂದ 3 ಸೆಂ.ಮೀ.ವರೆಗೆ ಹೆಚ್ಚಿಸುತ್ತಾ ವೋಲ್ಟೇಜ್ ಬರೆದುಕೊಳ್ಳಿ. ಲೇಸರ್ ಮುಚ್ಚಿದಾಗಿನ ರೀಡಿಂಗ್ ಪ್ರತಿ ಸಲವೂ ಕಳೆಯಿರಿ. ಕೊನೆಗೆ ಮತ್ತೆ 1.5ಕ್ಕೆ ಬನ್ನಿ. ಮೊದಲಿನ ರೀಡಿಂಗೇ ಬರದಿದ್ದರೆ ಲೇಸರ್ ಇನ್ನೂ ಸ್ಥಿರವಾಗಿಲ್ಲ ಅಂತ ಅರ್ಥ. ಆಮೇಲೆ ಪ್ರತಿ ಸಲ ಇನ್ನೊಂದು 5 ಮಿ.ಲೀ. ಸ್ಟಾಕ್ ಕೂಡಿಸಿ ಇದನ್ನೇ ಮತ್ತೆ ಮಾಡಿ.

ಈಗ ಲೆಕ್ಕ. ಒಟ್ಟು 10 ಮಿ.ಲೀ. ಸ್ಟಾಕ್ ಸೇರಿದ ಮೇಲೆ 1.5 ಸೆಂ.ಮೀ.ನಲ್ಲಿ 140, 3 ಸೆಂ.ಮೀ.ನಲ್ಲಿ 11.4 ಮಿಲಿವೋಲ್ಟ್ ಬಂತು ಅನ್ನೋಣ. ವೋಲ್ಟೇಜನ್ನು ದೂರದಿಂದ ಗುಣಿಸಿ, ಆಮೇಲೆ ನ್ಯಾಚುರಲ್ ಲಾಗ್ ತೆಗೆಯಿರಿ. 5.35 ಮತ್ತು 3.53. ವ್ಯತ್ಯಾಸವನ್ನು 1.5ರಿಂದ ಭಾಗಿಸಿದರೆ ಸೆಂ.ಮೀ.ಗೆ 1.21. ಇದು ಬೆಳಕಿನ ಇಳಿಕೆ ದರ. ದೂರದಿಂದ ಗುಣಿಸದೆ ಸುಮ್ನೆ ಲಾಗ್ ತೆಗೆದರೆ 1.67 ಬರುತ್ತದೆ, ಅದರ ವರ್ಗ ಹೆಚ್ಚುಕಮ್ಮಿ ಎರಡು ಪಟ್ಟಾಗಿಬಿಡುತ್ತದೆ. ಲೆಕ್ಕಕ್ಕೆ ತೋರಿಸಿದ್ದು ಎರಡೇ ಬಿಂದು. ನೀವು ಮಧ್ಯದ ಬಿಂದುಗಳನ್ನೂ ಸೇರಿಸಿ ಗೆರೆ ಎಳೆಯಿರಿ.

ಇಳಿಕೆ ದರದ ವರ್ಗ ಅಂದರೆ ಮೂರು ಸಲ ಹೀರಿಕೆ ಗುಣಿಸು ಚದುರಿಕೆ. ಚದುರಿಕೆ ಹೀರಿಕೆಗಿಂತ ತುಂಬಾ ಜಾಸ್ತಿ ಇದ್ದಾಗ ಮಾತ್ರ ಈ ಸೂತ್ರ ನಡೆಯುತ್ತದೆ. ಇಂಕ್ ಕೂಡಿಸಿದ ಹೀರಿಕೆಯನ್ನು ಅಡ್ಡಕ್ಕೆ, ಈ ವರ್ಗವನ್ನು ಮೇಲಕ್ಕೆ ಇಟ್ಟು ಗ್ರಾಫ್ ಹಾಕಿ. ಪ್ರತಿ 5 ಮಿ.ಲೀ.ಗೆ ವರ್ಗ 0.69ರಷ್ಟು ಏರಿದರೆ ಗೆರೆಯ ಇಳಿಜಾರು 15. ಅದರಲ್ಲಿ ಮೂರನೇ ಒಂದು ಭಾಗ, ಅಂದರೆ ಸೆಂ.ಮೀ.ಗೆ 5, ಚದುರಿಕೆ. ಇದು ದಿಕ್ಕಿನ ಲೆಕ್ಕ ಸೇರಿದ ಚದುರಿಕೆ. ಕಣಕ್ಕೆ ಬಡಿದ ಬೆಳಕು ಹೆಚ್ಚಾಗಿ ಮುಂದಕ್ಕೇ ಹೋಗುವುದರಿಂದ, ದಿಕ್ಕು ಪೂರಾ ಮರೆಯಲು ಹಲವು ಸಲ ಬಡಿಯಬೇಕು. ಇಲ್ಲಿ ಅದಕ್ಕೆ ಸುಮಾರು 2 ಮಿ.ಮೀ. ಬೇಕು, ಅದಕ್ಕೇ ಅಳತೆಯನ್ನು 1.5 ಸೆಂ.ಮೀ.ನಿಂದ ಶುರು ಮಾಡಿದ್ದು.

ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಸೊನ್ನೆಯ ಎಡಕ್ಕೆ ಅಡ್ಡಗೆರೆಯನ್ನು ಮುಟ್ಟುತ್ತದೆ. ಅಷ್ಟು ದೂರವೇ ಇಂಕಿಲ್ಲದ ಹಾಲು-ನೀರಿನ ಹೀರಿಕೆ. ಇದು ತೀರಾ ಚಿಕ್ಕದು, ಅಳತೆ ಸ್ವಲ್ಪ ಅಲುಗಾಡಿದರೂ ಬದಲಾಗುತ್ತದೆ. ಬರಿ ನೀರೇ 650ರಲ್ಲಿ ಸೆಂ.ಮೀ.ಗೆ ಸುಮಾರು 0.0034 ಹೀರುತ್ತದೆ. ನಿಮ್ಮ ಉತ್ತರ ಅದಕ್ಕಿಂತ ತುಂಬಾ ಕೆಳಗೆ ಬಂದರೆ ಇಂಕಿನ ಲೆಕ್ಕವನ್ನೂ ಲೇಸರನ್ನೂ ಮತ್ತೆ ನೋಡಿ.

ಆಮೇಲೆ ಹೊಸ ಟಬ್‌ನಲ್ಲಿ ಅರ್ಧ ಲೀಟರ್ ಹಾಲು, ನಾಲ್ಕೂವರೆ ಲೀಟರ್ ನೀರು ಹಾಕಿ, 2 ಸೆಂ.ಮೀ.ನಿಂದ ಶುರು ಮಾಡಿ ಎಲ್ಲವನ್ನೂ ಮತ್ತೊಮ್ಮೆ ಅಳೆಯಿರಿ. ಚದುರಿಕೆ ಅರ್ಧಕ್ಕೆ ಇಳಿಯಬೇಕು. ಇಳಿಯದ ಹೊರತು ನಾನು ರೆಕಾರ್ಡ್‌ಗೆ ಸಹಿ ಹಾಕುವುದಿಲ್ಲ.