ಪಟಕಾ ಕದ್ದ ಮೇಲೆ ಜನ ಬಂದರು

ಮೊದಲ ಭಾನುವಾರ 70 ಜನ ಬಂದಿದ್ದರು. ಎರಡನೇ ಭಾನುವಾರ 40. ಮೂರನೇದಕ್ಕೆ ಬರೀ 19, ಅದರಲ್ಲಿ ಆರು ಜನ ನಮ್ಮ ಹುಡುಗರ ಮನೆಯವರೇ.

ಜಾಗ ಬೆಳಗಾವಿಯ ಶಹಾಪುರ. ಒಂದು ಜಿಮ್‌ನ ಹಿಂದಿನ ಹಾಲ್‌ನಲ್ಲಿ ಜೂಡೋ ಮ್ಯಾಟ್ ಹಾಸಿ, ವಾರಕ್ಕೊಮ್ಮೆ ಟಿವಿ ಕುಸ್ತಿ ಮಾಡುತ್ತಿದ್ದೆವು. ಟಿವಿ ಕುಸ್ತಿ ಅಂದರೆ ಅಮೆರಿಕದ ಡಬ್ಲ್ಯೂಡಬ್ಲ್ಯೂಇ ಕಂಪನಿಯ ರಾ, ಸ್ಮ್ಯಾಕ್‌ಡೌನ್ ಶೋಗಳ ಥರದ್ದು. ಎಂಟು ಹುಡುಗರು ಆಡುತ್ತಿದ್ದರು. ನಾನು ಆಡುವವನಲ್ಲ. ಯಾರು ಗೆಲ್ಲಬೇಕು, ಯಾರು ಸೋಲಬೇಕು ಅಂತ ಬರೆಯುವವನು. ಮೈಕ್ ಕೂಡ ನನ್ನ ಕೈಯಲ್ಲೇ.

ಊರು ಬೆಳಗಾವಿ ಅನ್ನೋದೇ ದೊಡ್ಡ ಭಯ. ಆನಂದವಾಡಿ ಅಖಾಡದಲ್ಲಿ ಕುಸ್ತಿ ನೋಡಿ ಬೆಳೆದ ಮಂದಿ ಇದು. ಹಿಡಿತ ಸಡಿಲ ಇದ್ದರೆ ಕೂತಲ್ಲೇ ಗೊತ್ತಾಗುತ್ತದೆ. ಹಾಗಾಗಿ ಸುಳ್ಳು ಅಂತ ಯಾರೂ ಅನ್ನಬಾರದು ಅಂತ ತಿಂಗಳುಗಟ್ಟಲೆ ಬೀಳುವುದನ್ನೇ ಕಲಿಸಿದೆವು. ಗದ್ದ ಎದೆಗೆ ಒತ್ತಬೇಕು, ಬೆನ್ನಿನ ಮೇಲ್ಭಾಗ ಅಗಲವಾಗಿ ನೆಲಕ್ಕೆ ತಾಗಬೇಕು, ಎರಡೂ ಅಂಗೈ ಜೋರಾಗಿ ಮ್ಯಾಟ್‌ಗೆ ಬಡಿಯಬೇಕು. ಜನಕ್ಕೆ ಕೇಳಿಸುವುದು ಆ ಸದ್ದು. ಹೆಗಲಿಗಿಂತ ಮೇಲೆ ಯಾರನ್ನೂ ಎತ್ತಬಾರದು ಅಂತ ನಿಯಮ ಮಾಡಿದ್ದೆವು. ಆದರೂ ಒಬ್ಬನ ಮೊಣಕೈ ಊದಿತು. ಎರಡು ವಾರ ಅವನನ್ನು ಗಂಟೆ ಬಾರಿಸಲು ಕೂರಿಸಿದೆವು.

ಆಟ ಚೆನ್ನಾಗಿಯೇ ಇತ್ತು. ಜನ ಮಾತ್ರ ಬರಲಿಲ್ಲ. ಯಾಕೆ ಅಂತ ಹೇಳಿದ್ದು ಮೂರನೇ ವಾರ ಮೂಲೆಯಲ್ಲಿ ಕೂತಿದ್ದ ಒಬ್ಬ ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರು. ವಯಸ್ಸು ಎಪ್ಪತ್ತರ ಮೇಲೆ, ಕಿವಿ ಎರಡೂ ಮುರುಟಿದ್ದವು. ಬೈಯುತ್ತಾರೆ ಅಂದುಕೊಂಡಿದ್ದೆ.

"ಅಲ್ಲೋ ತಮ್ಮಾ, ಮಣ್ಣಿನ ಕುಸ್ತ್ಯಾಗ ಸೋತಾಂವ ಸುಮ್ನ ಮನಿಗೆ ಹೋಗ್ತಾನ. ನಿಮ್ಮ ಹುಡುಗೂರೂ ಹಂಗ ಹೋದ್ರ, ಮುಂದಿನ ಐತವಾರ ನಾ ಯಾಕ ಬರಬೇಕು?"

ನನ್ನ ತಪ್ಪು ಅಲ್ಲೇ ಇತ್ತು. ಪ್ರತಿ ಕುಸ್ತಿಯನ್ನೂ ಅಂದಂದೇ ಪೂರ್ತಿ ಮುಗಿಸುತ್ತಿದ್ದೆ. ಒಬ್ಬ ಗೆದ್ದ, ಕೈ ಕುಲುಕಿದರು, ಆಯ್ತು. ಮನೆಗೆ ಹೋಗುವಾಗ ತಲೆಯಲ್ಲಿ ಇಟ್ಟುಕೊಳ್ಳಲು ಏನೂ ಇರುತ್ತಿರಲಿಲ್ಲ.

ನಾಲ್ಕನೇ ವಾರ ಪಟಕಾ ತಂದೆವು. ನಮ್ಮ ಕಡೆ ಗೆದ್ದ ಪೈಲ್ವಾನನ ತಲೆಗೆ ರುಮಾಲು ಸುತ್ತುತ್ತಾರಲ್ವಾ, ಅದೇ ಪಟಕಾ. ಬೆಳಿಗ್ಗೆ ಬೈಕ್ ಮೇಲೆ ಹಾಲು ಹಾಕುವ ಹುಡುಗ ಒಬ್ಬನಿದ್ದ. ಅವನನ್ನು ಗೆಲ್ಲಿಸಿ, ಅವನ ತಂದೆಯ ಕೈಯಿಂದಲೇ ಪಟಕಾ ಸುತ್ತಿಸಿದೆ. ಜನ ಇನ್ನೂ ಚಪ್ಪಾಳೆ ಹೊಡೆಯುತ್ತಿದ್ದಾರೆ, ಹಿಂದಿನಿಂದ ನಮ್ಮ ಖಳ ಬಂದು ಆ ಪಟಕಾ ಕಿತ್ತುಕೊಂಡು, ತಾನೇ ಸುತ್ತಿಕೊಂಡು ಬಾಗಿಲಾಚೆ ಹೋದ. ಕಾರ್ಯಕ್ರಮ ಅಲ್ಲಿಗೆ ಮುಗಿಯಿತು. ಬೇಕಂತಲೇ ಮುಗಿಸಿದೆ.

ಐದನೇ ವಾರ ಹಾಲ್‌ನಲ್ಲಿ ಜಾಗ ಸಾಲಲಿಲ್ಲ.

ಖಳನ ಹೆಸರು ಸಾವಕಾರ. ಮೊದಲು ಅವನು ಮೈಕ್ ಸಿಕ್ಕರೆ ಸಾಕು, ಅರಚುತ್ತಿದ್ದ. ಜನ ನಗುತ್ತಿದ್ದರು. ಮೆಲ್ಲಗೆ ಮಾತಾಡು ಅಂದೆ. ಅವನ ಬಾಯಲ್ಲಿ ಒಂದು ನ್ಯಾಯವೂ ಇರಲಿ ಅಂತ ಹೀಗೆ ಬರೆದುಕೊಟ್ಟೆ: "ಪಟಕಾಕ್ಕ ರೊಕ್ಕ ಕೊಟ್ಟಾಂವ ನಾ. ಅಂದ ಮ್ಯಾಲ ಇದು ಯಾರದು?" ಮಾತು ಅರ್ಧ ಖರೇ ಅನಿಸುತ್ತದೆ ನೋಡಿ, ಅದಕ್ಕೇ ಜಾಸ್ತಿ ಸಿಟ್ಟು ಬರುತ್ತದೆ. ಒಬ್ಬ ಅಜ್ಜಿ ಎದ್ದು ನಿಂತು ಅವನಿಗೆ ಶಾಪ ಹಾಕಿದರು. ಅವನು ಅಷ್ಟಕ್ಕೇ ಬಿಡದೆ ಆ ಪಟಕಾ ಸುತ್ತಿಕೊಂಡು ಖಡೇಬಜಾರ್‌ನಲ್ಲಿ ಚಹಾ ಕುಡಿಯಲು ಹೋಗತೊಡಗಿದ. ಹುಡುಗರು ಫೋಟೋ ಹೊಡೆದು ಹಂಚಿದರು. ನಮಗೆ ಪೋಸ್ಟರ್ ಖರ್ಚು ಉಳಿಯಿತು.

ನಮ್ಮಲ್ಲೇ ಒಬ್ಬ, "ಒಬ್ಬನ್ನ ಕನ್ನಡದವ, ಒಬ್ಬನ್ನ ಮರಾಠಿಯವ ಅಂತ ಮಾಡೋಣ, ಹಾಲ್ ತುಂಬುತ್ತೆ" ಅಂದ. ಬೇಡ ಅಂದೆ. ಹಾಲ್ ತುಂಬುತ್ತೆ, ಆಮೇಲೆ ಬೀದಿಯೂ ತುಂಬುತ್ತೆ. ನಮ್ಮ ಹಾಲ್‌ನಲ್ಲಿ ಎರಡೂ ಭಾಷೆಯಲ್ಲಿ ಸಾವಕಾರನಿಗೆ ಬೈಗುಳ ಬೀಳುತ್ತಿತ್ತು. ಅಷ್ಟು ಸಾಕು.

ಕಾಯಿಸುವುದು ಹೇಗೆ ಅಂತ ನಾನು ಕಲಿತದ್ದು ಡಬ್ಲ್ಯೂಡಬ್ಲ್ಯೂಇ ಕುಸ್ತಿಪಟು ಸ್ಯಾಮಿ ಝೇನ್ ಕಥೆಯಿಂದ. 2022ರಲ್ಲಿ ಅವನು ಆಗಿನ ಚಾಂಪಿಯನ್ ರೋಮನ್ ರೇನ್ಸ್ ಗುಂಪಿಗೆ ಸುಮ್ನೆ ಬಾಲದ ಹಾಗೆ ಅಂಟಿಕೊಂಡ. ವಾರ ವಾರ ಒಂದು ನಗು, ಒಂದು ಅವಮಾನ, ಅದೇ ಗುಂಪಿನ ಜೇ ಉಸೋನ ಒಂದು ಅನುಮಾನದ ನೋಟ. 2023ರ ಜನವರಿಯ ದೊಡ್ಡ ಶೋ ರಾಯಲ್ ರಂಬಲ್‌ನಲ್ಲಿ ರೋಮನ್ ಅವನ ಕೈಗೆ ಕುರ್ಚಿ ಕೊಟ್ಟು, ಹಳೇ ಗೆಳೆಯ ಕೆವಿನ್ ಓವೆನ್ಸ್‌ಗೆ ಹೊಡಿ ಅಂದ. ಸ್ಯಾಮಿ ಆ ಕುರ್ಚಿಯನ್ನು ರೋಮನ್ ಬೆನ್ನಿಗೇ ಬಾರಿಸಿದ. ಒಂದೇ ಒಂದು ಏಟು. ಅದರ ಹಿಂದೆ ಎಷ್ಟು ತಿಂಗಳು ಇದ್ದವು! ಮೊದಲ ವಾರವೇ ಹತ್ತು ಕುರ್ಚಿ ಮುರಿದಿದ್ದರೂ ಆ ಸದ್ದು ಬರುತ್ತಿರಲಿಲ್ಲ.

ಆರನೇ ವಾರ ಒಂದು ಎಡವಟ್ಟಾಯಿತು. ಎಂಟನೇ ವಾರ ಹಾಲಿನ ಹುಡುಗ ಪಟಕಾ ವಾಪಸ್ ಪಡೆಯುತ್ತಾನೆ ಅಂತ ನಮ್ಮವನೇ ಒಬ್ಬ ವಾಟ್ಸಾಪ್‌ನಲ್ಲಿ ಹಾಕಿಬಿಟ್ಟ. ಎಲ್ಲರೂ ತಲೆ ಮೇಲೆ ಕೈ ಹೊತ್ತರು. ನನಗೆ 1999ರ ಜನವರಿ 4 ನೆನಪಾಯಿತು. ಅವತ್ತು ಆಗಿನ ಇನ್ನೊಂದು ಕುಸ್ತಿ ಕಂಪನಿ ಡಬ್ಲ್ಯೂಸಿಡಬ್ಲ್ಯೂನ ನೈಟ್ರೋ ಶೋದಲ್ಲಿ ಕಾಮೆಂಟ್ರಿಯವರು, ಎದುರಾಳಿ ಚಾನೆಲ್‌ನ ರಾದಲ್ಲಿ ಮಿಕ್ ಫೋಲಿ ಚಾಂಪಿಯನ್ ಆಗುತ್ತಾನೆ ಅಂತ ಅಣಕಿಸಿ ಹೇಳಿಬಿಟ್ಟರು. ರಾ ಮೊದಲೇ ಚಿತ್ರೀಕರಣವಾಗಿತ್ತು. ಫಲಿತಾಂಶ ಗೊತ್ತಾದ ಜನ ಟಿವಿ ಆಫ್ ಮಾಡಲಿಲ್ಲ, ಚಾನೆಲ್ ತಿರುಗಿಸಿ ರಾ ಹಾಕಿದರು. ಅಷ್ಟು ವರ್ಷ ಏಟು ತಿಂದ ಫೋಲಿ ಗೆಲ್ಲುವುದನ್ನು ಕಣ್ಣಾರೆ ನೋಡಬೇಕಿತ್ತು. ನಮ್ಮ ಕಡೆ ಪಾರಿಜಾತ ಆಟ ನೋಡುವವರಿಗೆ ಕೊನೆ ಗೊತ್ತಿಲ್ಲವೇ? ಬೆಳಗಿನ ತನಕ ಕೂರುತ್ತಾರೆ.

ಎಂಟನೇ ವಾರ 160 ಜನ ಬಂದರು. ಬಾಗಿಲಲ್ಲೂ ನಿಂತಿದ್ದರು.

ಸಮಯದ ಬಗ್ಗೆ ಒಂದು ಮಾತು. 1993ರಲ್ಲಿ ರಾ ಶುರುವಾದಾಗ ಒಂದು ಗಂಟೆಯದು. 2012ರ ಜುಲೈನಿಂದ ಮೂರು ಗಂಟೆ ಮಾಡಿದರು. ಮೂರನೇ ಗಂಟೆಯಲ್ಲಿ ನಾನು ಎಷ್ಟು ಸಲ ನಿದ್ದೆ ಮಾಡಿದ್ದೇನೋ. ನಮ್ಮದು 70 ನಿಮಿಷ ಮೀರಬಾರದು ಅಂತ ಹಟ ಹಿಡಿದೆ. ನಾಲ್ಕು ಕುಸ್ತಿ, ಎರಡು ಸಲ ಮೈಕ್, ಅಷ್ಟೇ.

ಹಾಲಿನ ಹುಡುಗ ಗೆದ್ದ. ತಂದೆ ಮತ್ತೆ ಪಟಕಾ ಸುತ್ತಿದರು, ಕೈ ನಡುಗುತ್ತಿತ್ತು. ಅದು ನಾನು ಬರೆದದ್ದಲ್ಲ. ಸಾವಕಾರ ತಲೆ ತಗ್ಗಿಸಿ ಹೋದ. ಹಲಗಿಯ ಸದ್ದಿಗೆ ಜನ ಕುಣಿದರು. ನಾವೂ ಕುಣಿದೆವು.

ಒಂಬತ್ತನೇ ವಾರ 45 ಜನ.

ಖುಷಿಯಲ್ಲಿ ಎಲ್ಲ ಗಂಟನ್ನೂ ಒಂದೇ ರಾತ್ರಿ ಬಿಚ್ಚಿಬಿಟ್ಟಿದ್ದೆ. ಇನ್ನೊಂದು ಸಣ್ಣ ಗಂಟನ್ನು ಆರನೇ ವಾರವೇ ಹಾಕಿಡಬೇಕಿತ್ತು, ಹೊಳೆಯಲೇ ಇಲ್ಲ. ಆಮೇಲೆ ಹುಡುಗರಿಗೆ ಪರೀಕ್ಷೆ ಬಂತು, ನಿಲ್ಲಿಸಿದೆವು.

ದೀಪಾವಳಿ ಆದ ಮೇಲೆ ಮತ್ತೆ ಶುರು ಮಾಡುತ್ತೇವೆ. ಮೊನ್ನೆ ವಸ್ತಾದರು ಸಿಕ್ಕಿದ್ದರು. ಎಂಟನೇ ವಾರ ಪಟಕಾ ಸುತ್ತುವಾಗ ರೆಫ್ರಿ ಮುಖ ತಿರುಗಿಸಿ ನಿಂತಿದ್ದನಂತೆ, ಯಾಕೆ ಅಂತ ಕೇಳಿದರು. ಅವನಿಗೆ ಕಣ್ಣಲ್ಲಿ ಬೆವರು ಹೋಗಿತ್ತು, ಅಷ್ಟೇ. ನಾನು ಹಾಗೆ ಹೇಳಲಿಲ್ಲ. "ಬರ್ರಿ ಕಾಕಾ, ಮೊದಲ್ನೇ ಐತವಾರ ಗೊತ್ತಾಗ್ತದ" ಅಂದೆ. ಮನೆಗೆ ಬಂದು ರೆಫ್ರಿಗೆ ಫೋನ್ ಮಾಡಿದೆ.