ಹಬ್ಬದ ಬೆಂಕಿಗೆ ಒಂದಿಷ್ಟು ತಯಾರಿ

ಈಗಿನ ಮಕ್ಕಳಿಗೆ ದೀಪಾವಳಿ ಅಂದರೆ ಪಟಾಕಿ. ನಾವು ಮಲೆನಾಡಿನಲ್ಲಿ ಚಿಕ್ಕವರಿದ್ದಾಗ ಅದು ಬೆಂಕಿ ಹೊತ್ತಿಸಿ, ಕಾದು, ಜೋಪಾನವಾಗಿ ಆರಿಸುವ ಹಬ್ಬವಾಗಿತ್ತು. ಬಚ್ಚಲ ಒಲೆಯ ಉರಿ, ಗದ್ದೆಯಂಚಿನ ದೊಂದಿ, ಅಂಟಿಗೆ-ಪಿಂಟಿಗೆಯವರು ರಾತ್ರಿಯಿಡೀ ಹಾಡುತ್ತ ಮನೆಮನೆಗೆ ತರುವ ಜ್ಯೋತಿ, ಎಲ್ಲದಕ್ಕೂ ಹದಿನೈದು ದಿನ ಮೊದಲೇ ಕೆಲಸ ಶುರುವಾಗುತ್ತಿತ್ತು. ಅದರಲ್ಲಿ ಬಹಳಷ್ಟು ಈಗಲೂ ಮಾಡಬಹುದು.

ಮೊದಲು ಹಂಡೆ. ನೀರು ತುಂಬುವ ಹಬ್ಬ ತ್ರಯೋದಶಿ ಸಂಜೆ, ಆದರೆ ತಾಮ್ರದ ಹಂಡೆಯನ್ನು ಹಿಂದಿನ ದಿನವೇ ಬೆಳಗಿಡಿ. ನೆನೆಸಿದ ಹುಳಿಹಣ್ಣಿಗೆ ಕಲ್ಲುಪ್ಪು ಸೇರಿಸಿ ಉಜ್ಜಿ, ಮೇಲೆ ಜರಡಿ ಹಿಡಿದ ಬೂದಿಯಿಂದ ಇನ್ನೊಂದು ಸಲ ತಿಕ್ಕಿದರೆ ಸಾಕು, ಅಂಗಡಿಯ ಪುಡಿ ಬೇಡ. ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ ಕೆಮ್ಮಣ್ಣು, ಸುಣ್ಣದ ಗೆರೆ ಎಳೆದರೆ ಅದರ ಚೆಂದವೇ ಬೇರೆ. ಗೀಸರ್ ಇರುವ ಮನೆಯಲ್ಲೂ ಒಂದು ಕೊಡಕ್ಕೆ ಹೀಗೆ ಬಳ್ಳಿ ಸುತ್ತಿ, ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆಸ್ನಾನಕ್ಕೆ ಅದೇ ನೀರು ಬೆರೆಸಿಕೊಳ್ಳಿ. ಒಲೆ ಇದ್ದವರು ಸೌದೆಯನ್ನು ಮಳೆ ಬಿಡುವು ಕೊಟ್ಟ ಕೂಡಲೇ ಬಿಸಿಲಿಗೆ ಹಾಕಿ ಸೂರಿನಡಿ ಒಟ್ಟಿಡಿ. ಹಸಿ ಕಟ್ಟಿಗೆಯ ಹೊಗೆ ಕಣ್ಣಿಗೂ ಎದೆಗೂ ಕೆಟ್ಟದ್ದು.

ಹೊಸ ಹಣತೆಗಳನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು ನೆರಳಲ್ಲಿ ಆರಿಸಬೇಕು, ಇಲ್ಲದಿದ್ದರೆ ಎಣ್ಣೆಯನ್ನೆಲ್ಲ ಮಣ್ಣೇ ಕುಡಿಯುತ್ತದೆ. ದೇವರ ಮುಂದೆ ತುಪ್ಪ ಅಥವಾ ಎಳ್ಳೆಣ್ಣೆ. ಹೊಂಗೆಣ್ಣೆಗೆ ಘಾಟು ಜಾಸ್ತಿ, ಅದು ಅಂಗಳಕ್ಕೆ ಸರಿ.

ದೊಂದಿ ಕಟ್ಟುವುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಈಗ ಕಲಿಸುವವರಿಲ್ಲ. ಪಾಡ್ಯದ ಸಂಜೆ ಗದ್ದೆಗೆ, ಬಾವಿಕಟ್ಟೆಗೆ, ತೋಟದ ಬಾಯಿಗೆ ನೆಡಲು ಹಸಿ ಕೋಲೇ ಬೇಕು, ಒಣಕೋಲು ತಾನೂ ಹೊತ್ತಿಕೊಳ್ಳುತ್ತದೆ. ಬಟ್ಟೆ ಹಳೇ ಹತ್ತಿ ಪಂಚೆಯದ್ದಾಗಿರಲಿ. ನೈಲಾನ್, ಪಾಲಿಯೆಸ್ಟರ್ ಕರಗಿ ಉರಿಯುವ ಹನಿಯಾಗಿ ಕೈಮೇಲೆ ಬೀಳುತ್ತದೆ. ಗೇಣಗಲದ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ತೆಳು ತಂತಿಯಿಂದ ಕಟ್ಟಿ. ದಾರ ಸುಟ್ಟರೆ ಗಂಟು ಬಿಚ್ಚಿಕೊಳ್ಳುತ್ತದೆ. ರಾತ್ರಿ ಎಣ್ಣೆಯಲ್ಲಿ ನೆನೆಸಿ, ಬೆಳಗ್ಗೆ ಹಿಂಡಿಡಿ. ಆ ಹೊತ್ತಿಗೆ ಭತ್ತ ಹಸಿರಾಗಿದ್ದು ತೆನೆಗೆ ಹಾಲು ತುಂಬುತ್ತಿರುತ್ತದೆ, ಹಾಗಾಗಿ ಬೆಂಕಿ ಹಬ್ಬುವ ಭಯ ಕಡಿಮೆ. ಬೇಗ ಮಾಗುವ ತಳಿ ಹಾಕಿದವರು, ಒಣಹುಲ್ಲಿನ ಬದು ಇರುವವರು ಗದ್ದೆಗೆ ಹಚ್ಚುವುದೇ ಬೇಡ, ಅಂಗಳದಲ್ಲೇ ಒಂದು ನೆಡಿ. ಮಕ್ಕಳ ಕೈಗೆ ದೊಂದಿ ಕೊಡುವ ಮೊದಲು ಹತ್ತಿ ಬಟ್ಟೆ ಹಾಕಿಸಿ, ಪಕ್ಕದಲ್ಲಿ ಮರಳಿನ ಬಕೆಟ್ ಮತ್ತು ಒದ್ದೆ ಗೋಣಿ ಇಟ್ಟುಕೊಳ್ಳಿ. ಎಣ್ಣೆಯ ಬೆಂಕಿಗೆ ನೀರು ಸುರಿಯಬೇಡಿ, ಗೋಣಿ ಮುಚ್ಚಿ.

ಪಟಾಕಿ ಬೇಕೇ ಬೇಕು ಅನ್ನುವ ಮಕ್ಕಳಿಗೆ ನಿಯಮವನ್ನೂ ಹೇಳಿ. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹಸಿರು ಪಟಾಕಿ ಮಾತ್ರ, ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಎಂದಿತು. ಪ್ರತಿ ಹಬ್ಬಕ್ಕೂ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಕಣ್ಣಿಗೆ ಗಾಯವಾದ ಮಕ್ಕಳು ಬರುವುದನ್ನು ಓದಿದಾಗೆಲ್ಲ ನನಗೆ ಊಟ ಸೇರುವುದಿಲ್ಲ. ಕಣ್ಣಿಗೆ ಕಿಡಿ ತಾಗಿದರೆ ಉಜ್ಜಬಾರದು, ಒತ್ತಬಾರದು, ನೇರ ವೈದ್ಯರ ಬಳಿಗೆ. ಕೈ ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಯಾವುದೂ ಬೇಡ.

ಹಬ್ಬದ ಮುಂಚೆ ಅಂಗಳ ಗುಡಿಸಿದ ದರಗನ್ನು, ಅಂದರೆ ಒಣಗಿದ ಎಲೆಗಳನ್ನು, ರಾಶಿ ಹಾಕಿ ಸುಡುವ ಅಭ್ಯಾಸ ಪೇಟೆಯಲ್ಲಿ ಹೆಚ್ಚಿದೆ. ಊರಲ್ಲಿ ಯಾರೂ ದರಗು ಸುಡುತ್ತಿರಲಿಲ್ಲ, ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತಿದ್ದರು. ಮೂಲೆಯಲ್ಲಿ ಗುಂಡಿ ತೋಡಿ ಎಲೆ ತುಂಬಿ, ಮೇಲೆ ಸಗಣಿನೀರು ಚಿಮುಕಿಸಿ. ಮುಂದಿನ ಮಳೆಗಾಲದ ಮಲ್ಲಿಗೆ ಗಿಡಕ್ಕೆ ಗೊಬ್ಬರ ಸಿದ್ಧ.

ಕೊನೆಗೆ ಬೂದಿ. ಆರಿತು ಅನ್ನಿಸಿದ ಒಲೆಯಲ್ಲೂ ಮಾರನೆಯ ದಿನದವರೆಗೆ ಕೆಂಡ ಅಡಗಿರುತ್ತದೆ, ಪ್ಲಾಸ್ಟಿಕ್ ಬುಟ್ಟಿಗೆ ಸುರಿಯಬೇಡಿ. ತಗಡಿನ ಡಬ್ಬಕ್ಕೆ ತೆಗೆದು ಎರಡು ದಿನ ಹೊರಗಿಟ್ಟು, ಆಮೇಲೆ ಜರಡಿ ಹಿಡಿದು ಬಸಳೆ ಬುಡಕ್ಕೆ ತೆಳ್ಳಗೆ ಉದುರಿಸಿ. ಉಳಿದದ್ದನ್ನು ನೀರು ತಾಗದಂತೆ ಮುಚ್ಚಿಡಿ, ತುಳಸಿ ಪೂಜೆಗೆ ಪಾತ್ರೆ ಬೆಳಗಲು ಬೇಕಾಗುತ್ತದೆ.